ಲೋಟದ ಮೇಲೆ ಯಾರ ಹೆಸರು? ಹಳೆಯ ಕಾಕ್‌ಟೇಲ್‌ಗಳ ಹುಟ್ಟುಕತೆಗಳು

ನ್ಯೂಯಾರ್ಕಿನ ಮ್ಯಾನ್‌ಹಟನ್ ಕ್ಲಬ್ಬಿನಲ್ಲಿ 1874ರ ಕೊನೆಗೆ ದೊಡ್ಡದೊಂದು ಔತಣ ನಡೆಯಿತಂತೆ. ಸ್ಯಾಮ್ಯುಯೆಲ್ ಟಿಲ್ಡನ್ ಆ ರಾಜ್ಯದ ಗವರ್ನರ್ ಆಗಿ ಗೆದ್ದ ಸಂಭ್ರಮ. ಔತಣ ಕೊಟ್ಟಾಕೆ ಜೆನ್ನಿ ಜೆರೋಮ್, ಮುಂದೆ ಬ್ರಿಟನ್ನಿನ ಪ್ರಧಾನಿಯಾದ ವಿನ್‌ಸ್ಟನ್ ಚರ್ಚಿಲ್‌ರ ತಾಯಿ. ಅವತ್ತು ವಿಸ್ಕಿಗೆ ಸಿಹಿ ವರ್ಮೂತ್ ಮತ್ತು ನಾಲ್ಕು ಹನಿ ಬಿಟರ್ಸ್ ಬೆರೆಸಿ ಕೊಟ್ಟ ಪಾನೀಯಕ್ಕೆ ಕ್ಲಬ್ಬಿನ ಹೆಸರೇ ನಿಂತು ‘ಮ್ಯಾನ್‌ಹಟನ್’ ಹುಟ್ಟಿತು ಎನ್ನುವುದು ಕತೆ. ಎಷ್ಟೋ ಪುಸ್ತಕಗಳು ಇದನ್ನು ಒಂದರಿಂದೊಂದು ಎತ್ತಿಕೊಂಡು ಅಚ್ಚು ಹಾಕಿವೆ. ಆದರೆ ಚರ್ಚಿಲ್ ಹುಟ್ಟಿದ್ದು 1874ರ ನವೆಂಬರ್ 30ರಂದು, ಇಂಗ್ಲೆಂಡಿನ ಬ್ಲೆನಿಮ್ ಅರಮನೆಯಲ್ಲಿ. ಟಿಲ್ಡನ್ ಗೆದ್ದದ್ದು ಅದೇ ನವೆಂಬರಿನ ಆರಂಭದಲ್ಲಿ. ತುಂಬು ಬಸುರಿಯಾಗಿದ್ದಾಗಲಾಗಲಿ, ಹಸಿ ಬಾಣಂತಿಯಾಗಿದ್ದಾಗಲಾಗಲಿ ಜೆನ್ನಿ ಅಟ್ಲಾಂಟಿಕ್ ದಾಟಿ ಬಂದು ಔತಣ ಏರ್ಪಡಿಸಿದರೆಂದು ನಂಬುವುದು ಹೇಗೆ?

ಕತೆ ಸುಳ್ಳಾದರೂ ಪಾನೀಯ ಸುಳ್ಳಲ್ಲ. 1882ರ ಹೊತ್ತಿಗೆ ಅಮೆರಿಕದ ಪತ್ರಿಕೆಗಳಲ್ಲಿ ಮ್ಯಾನ್‌ಹಟನ್ ಕಾಣಿಸಿಕೊಂಡಿದೆ. ಹಾಫ್‌ಮನ್ ಹೌಸ್ ಎಂಬ ಹೆಸರಾಂತ ಬಾರಿನಲ್ಲಿ ದಶಕಗಳ ಕಾಲ ದುಡಿದ ವಿಲಿಯಂ ಮಲ್ಹಾಲ್ ಬಹಳ ವರ್ಷಗಳ ಮೇಲೆ ಬರೆದ ನೆನಪಿನಲ್ಲಿ, ಅದನ್ನು ಮಾಡಿದ್ದು ಬ್ರಾಡ್‌ವೇ ರಸ್ತೆಯಲ್ಲಿ ಬಾರು ನಡೆಸುತ್ತಿದ್ದ ಬ್ಲ್ಯಾಕ್ ಎಂಬಾತ ಎನ್ನುತ್ತಾನೆ. ಬ್ಲ್ಯಾಕ್ ಬಗ್ಗೆ ಉಳಿದಿರುವುದು ಹೆಚ್ಚುಕಡಿಮೆ ಆ ಒಂದು ಮಾತು. ಒಂದು ಕಡೆ ಪ್ರಧಾನಿಯ ತಾಯಿ, ಇನ್ನೊಂದು ಕಡೆ ಹೆಸರಿನ ಅರ್ಧ ಮಾತ್ರ ಉಳಿದ ಬಾರಿನವನು. ಲೋಕ ಯಾರನ್ನು ನೆನಪಿಟ್ಟುಕೊಂಡಿತು ಎಂಬುದು ನಮ್ಮ ಕಣ್ಣೆದುರಿಗೇ ಇದೆ. ಅದೇ ಚರ್ಚಿಲ್ ಬೆಂಗಳೂರು ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿದ್ದರೆಂದು ನಮಗಿಂದು ಗೊತ್ತಿರುವುದು ಕ್ಲಬ್ಬಿನ 1899ರ ಲೆಕ್ಕದ ಪುಸ್ತಕ ಉಳಿದುಕೊಂಡಿದ್ದರಿಂದ. ಕಾಗದ ಉಳಿದಲ್ಲಿ ಚರಿತ್ರೆ ಉಳಿಯುತ್ತದೆ, ಉಳಿಯದ ಕಡೆ ಕತೆ ಬೆಳೆಯುತ್ತದೆ.

ಕಳೆದ ಎರಡು ದಶಕಗಳಲ್ಲಿ ಕಾಕ್‌ಟೇಲ್ ಚರಿತ್ರೆಯ ಚಹರೆಯೇ ಬದಲಾಗಿದೆ. ಹಳೆಯ ಪತ್ರಿಕೆಗಳು ಕಂಪ್ಯೂಟರಿಗೆ ಬಂದ ಮೇಲೆ, ಡೇವಿಡ್ ವಾಂಡ್ರಿಚ್‌ರಂಥ ಸಂಶೋಧಕರು ಒಂದೊಂದೇ ಕತೆಯನ್ನು ಎತ್ತಿ ತಾರೀಖಿಗೆ ತಾರೀಖು ಹೊಂದಿಸಿ ನೋಡಿದರು. 2007ರಲ್ಲಿ ಬಂದ ಅವರ ‘ಇಂಬೈಬ್!’ ಮತ್ತು 2010ರ ‘ಪಂಚ್’ ಈ ಕೆಲಸದ ದಾರಿದೀಪಗಳು. ಹೀಗೆ ನೋಡಿದಾಗ ಬಹುಪಾಲು ಹುಟ್ಟುಕತೆಗಳು ನಿಲ್ಲುವುದಿಲ್ಲ. ಅವು ಯಾಕೆ ಹುಟ್ಟಿದವು, ಯಾರಿಗೆ ಬೇಕಿದ್ದವು, ಅವುಗಳ ನೆರಳಿನಲ್ಲಿ ಯಾರು ಮರೆಯಾದರು ಎನ್ನುವುದೇ ನನಗೆ ಮುಖ್ಯವೆನಿಸುವ ಪ್ರಶ್ನೆ. ಮದ್ಯ ಮುಟ್ಟದವರಿಗೂ ಇದು ಸಲ್ಲುವ ಪ್ರಶ್ನೆ. ಸಕ್ಕರೆ, ನಿಂಬೆ, ಮಂಜುಗಡ್ಡೆ, ಗುಲಾಮಗಿರಿ, ವಸಾಹತು, ಜಾಹೀರಾತು ಎಲ್ಲವೂ ಈ ಸಣ್ಣ ಲೋಟದಲ್ಲಿ ಕಲೆತಿವೆ.

ಕಾಕ್‌ಟೇಲ್ ಎಂದರೇನೆಂದು ಮೊದಲ ಬಾರಿಗೆ ಅಚ್ಚಿನಲ್ಲಿ ವಿವರಿಸಿದ್ದು ಚುನಾವಣೆಯ ನೆಪದಲ್ಲಿ. ನ್ಯೂಯಾರ್ಕ್ ರಾಜ್ಯದ ಹಡ್ಸನ್ ಎಂಬ ಊರಿನ ‘ದಿ ಬ್ಯಾಲೆನ್ಸ್ ಅಂಡ್ ಕೊಲಂಬಿಯನ್ ರೆಪಾಸಿಟರಿ’ ಪತ್ರಿಕೆ 1806ರ ಮೇ ತಿಂಗಳಲ್ಲಿ, ಸೋತ ಅಭ್ಯರ್ಥಿಯೊಬ್ಬ ಮತದಾರರಿಗೆ ಕುಡಿಸಿದ್ದರ ಲೆಕ್ಕವನ್ನು ಪಟ್ಟಿ ಮಾಡಿತು. ಅದರಲ್ಲಿ 25 ಲೋಟ ಕಾಕ್‌ಟೇಲ್ ಇತ್ತು. ಹಾಗೆಂದರೇನು ಎಂದು ಓದುಗನೊಬ್ಬ ಕೇಳಿ ಬರೆದ. ಸಂಪಾದಕ ಹ್ಯಾರಿ ಕ್ರಾಸ್‌ವೆಲ್ ಮೇ 13ರ ಸಂಚಿಕೆಯಲ್ಲಿ ಉತ್ತರ ಕೊಟ್ಟ: ಯಾವುದಾದರೊಂದು ಮದ್ಯ, ಸಕ್ಕರೆ, ನೀರು, ಬಿಟರ್ಸ್. ಇದನ್ನು ಕುಡಿದವನು ಇನ್ನೇನನ್ನು ಬೇಕಾದರೂ ನುಂಗಬಲ್ಲ, ಆದ್ದರಿಂದ ಎದುರು ಪಕ್ಷದ ಅಭ್ಯರ್ಥಿಗಳಿಗೆ ಬಹಳ ಉಪಯುಕ್ತ ಎಂದೂ ಸೇರಿಸಿದ. ಎರಡು ಶತಮಾನ ಕಳೆದರೂ ಚುನಾವಣೆಗೂ ಲೋಟಕ್ಕೂ ಇರುವ ನಂಟನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಈ ನಾಲ್ಕರಲ್ಲಿ ಬಿಟರ್ಸ್ ಎಂದರೆ ಬೇರು, ತೊಗಟೆ, ಸಿಪ್ಪೆಗಳನ್ನು ಮದ್ಯದಲ್ಲಿ ನೆನೆಹಾಕಿ ತೆಗೆದ ಕಹಿಸಾರ. ಅದು ಬಂದದ್ದು ಔಷಧದ ಅಂಗಡಿಯಿಂದ. ಇಂದಿಗೂ ಪ್ರತಿ ಬಾರಿನಲ್ಲಿ ಕಾಣುವ ಅಂಗೋಸ್ಟೂರಾ ಬಿಟರ್ಸನ್ನು 1824ರಲ್ಲಿ ಸಿದ್ಧಪಡಿಸಿದ್ದು ಯೋಹಾನ್ ಸೀಗರ್ಟ್ ಎಂಬ ಜರ್ಮನ್ ವೈದ್ಯ. ಆತ ಆಗ ವೆನೆಜುವೆಲಾದಲ್ಲಿ ಸಿಮೋನ್ ಬೊಲಿವಾರ್‌ನ ಸೈನಿಕರಿಗೆ ಚಿಕಿತ್ಸೆ ಮಾಡುತ್ತಿದ್ದ. ನ್ಯೂ ಆರ್ಲಿಯನ್ಸಿನ ಔಷಧ ವ್ಯಾಪಾರಿ ಆಂಟ್ವಾನ್ ಪೇಶೋ ಕೂಡ ತನ್ನದೇ ಬಿಟರ್ಸ್ ಮಾರುತ್ತಿದ್ದ. ಆತ ಅದನ್ನು ಬ್ರಾಂಡಿಗೆ ಬೆರೆಸಿ ಮೊಟ್ಟೆಯ ಬಟ್ಟಲಿನಲ್ಲಿ ಕೊಡುತ್ತಿದ್ದ, ಜಗತ್ತಿನ ಮೊದಲ ಕಾಕ್‌ಟೇಲ್ ಅದೇ ಎಂದು ಆ ಊರಿನವರು ಹೆಮ್ಮೆಯಿಂದ ಹೇಳುತ್ತಾರೆ. ಪೇಶೋ ಹುಟ್ಟಿದ್ದು 1803ರಲ್ಲಿ. ಹಡ್ಸನ್ನಿನ ಪತ್ರಿಕೆ ಕಾಕ್‌ಟೇಲ್‌ನ ವಿವರಣೆ ಅಚ್ಚು ಹಾಕಿದಾಗ ಅವನು ಮೂರು ವರ್ಷದ ಮಗು. ಅವನ ಬಿಟರ್ಸ್ ಇಲ್ಲದೆ ನ್ಯೂ ಆರ್ಲಿಯನ್ಸಿನ ಸ್ಯಾಜರ್ಯಾಕ್ ಕಾಕ್‌ಟೇಲ್ ಇಲ್ಲ ಎನ್ನುವ ಗೌರವವೇ ಅವನಿಗೆ ಸಾಕಷ್ಟಾಯಿತು.

ಆದರೆ ಇನ್ನೂ ಹಿಂದಕ್ಕೆ ಹೋದರೆ ದಾರಿ ಅಮೆರಿಕದಿಂದ ನಮ್ಮ ಕರಾವಳಿಯ ಕಡೆಗೆ ತಿರುಗುತ್ತದೆ. ಕಾಕ್‌ಟೇಲ್‌ಗಿಂತ ಮುಂಚೆ ಯುರೋಪನ್ನು ಆಳಿದ್ದು ಪಂಚ್. ಅದರ ಉಲ್ಲೇಖ ಇಂಗ್ಲಿಷಿನಲ್ಲಿ ಮೊದಲು ಸಿಗುವುದು 1632ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರ ರಾಬರ್ಟ್ ಆಡಮ್ಸ್ ತನ್ನ ಸಹೋದ್ಯೋಗಿಗೆ ಬರೆದ ಕಾಗದದಲ್ಲಿ. ಕಾಗದ ಹೋದದ್ದು ಇಂದಿನ ಆಂಧ್ರದ ನಿಜಾಂಪಟ್ನಂ ರೇವಿಗೆ. 1638ರಲ್ಲಿ ಸೂರತ್ತಿಗೆ ಬಂದ ಜರ್ಮನ್ ಪ್ರವಾಸಿ ಮಂಡೆಲ್‌ಸ್ಲೋ ಅಲ್ಲಿನ ಇಂಗ್ಲಿಷರು ಸಾರಾಯಿ, ಗುಲಾಬಿ ಜಲ, ನಿಂಬೆಜಾತಿಯ ಹಣ್ಣಿನ ರಸ, ಸಕ್ಕರೆ ಸೇರಿಸಿ ಕುಡಿಯುತ್ತಿದ್ದರೆಂದು ಬರೆದಿಟ್ಟಿದ್ದಾನೆ. ನಮ್ಮ ರಾಮನವಮಿಯ ಪಾನಕಕ್ಕೆ ಸಾರಾಯಿ ಸುರಿದರೆ ಹೆಚ್ಚುಕಡಿಮೆ ಅದೇ ಆಗುತ್ತದೆ: ಸಿಹಿ, ಹುಳಿ, ನೀರು, ಮಸಾಲೆ ಆಗಲೇ ಅದರಲ್ಲಿವೆ.

ಹಡಗಿನಲ್ಲಿ ಬಂದ ಇಂಗ್ಲಿಷರ ಬಿಯರು, ವೈನುಗಳು ಈ ಸೆಕೆಯಲ್ಲಿ ಹುಳಿಯುತ್ತಿದ್ದವು. ಇಲ್ಲಿ ಕೈಗೆ ಸಿಕ್ಕಿದ್ದು ತೆಂಗಿನ ಹೆಂಡದಿಂದ, ಬೆಲ್ಲದಿಂದ, ಅಕ್ಕಿಯಿಂದ ಬಟ್ಟಿ ಇಳಿಸಿದ ಸಾರಾಯಿ. ಅದರ ಒರಟನ್ನು ಸಕ್ಕರೆ ಮತ್ತು ನಿಂಬೆಯಿಂದ ಪಳಗಿಸುವುದನ್ನು ಇಲ್ಲಿನವರಿಂದ ಅವರು ಕಲಿತಿರಬೇಕೆನ್ನುವುದು ನನ್ನ ಎಣಿಕೆ. ಗೋವಾದ ಸಾರಾಯಿ, ಬಟಾವಿಯಾದ ಸಾರಾಯಿ ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ದುಬಾರಿ ಸರಕುಗಳಾಗಿದ್ದವು. ಶ್ರೀಮಂತರ ಮನೆಗಳಲ್ಲಿ ಬೆಳ್ಳಿಯ ದೊಡ್ಡ ಪಂಚ್ ಬಟ್ಟಲುಗಳು ಬಂದವು. ಅದೇ ಸಾರಾಯಿಯನ್ನು ಕರ್ನಾಟಕ 2007ರ ಜುಲೈನಲ್ಲಿ ನಿಷೇಧಿಸಿತು. ಇಲ್ಲಿ ಅದು ಬಡವರ ಮನೆ ಮುರಿಯುವ ಪಾಕೀಟಾಗಿ ಉಳಿದಿತ್ತು. ಜಗತ್ತಿನ ಮಿಶ್ರ ಮದ್ಯಗಳ ವಂಶವೃಕ್ಷದ ಬುಡದಲ್ಲಿ ನಮ್ಮ ಈ ಕರಾವಳಿಗಳ ಹೆಸರಿದೆ, ಆದರೆ ಮೊದಲ ಪಂಚ್ ಬೆರೆಸಿದ ಒಂದು ಕೈಯ ಹೆಸರೂ ಇಲ್ಲ.

ಪಂಚನ್ನು ಕಾಕ್‌ಟೇಲ್ ಹಿಂದೆ ಹಾಕಿದ್ದು ಮಂಜುಗಡ್ಡೆಯಿಂದ. ದೊಡ್ಡ ಬಟ್ಟಲಿನ ಸುತ್ತ ಸಂಜೆಯಿಡೀ ಕೂರುವ ಕಾಲ ಹೋಗಿ, ನಿಂತಲ್ಲೇ ಒಬ್ಬೊಬ್ಬರಿಗೂ ಒಂದೊಂದು ತಣ್ಣನೆಯ ಲೋಟ ಬೇಕೆನ್ನುವ ಕಾಲ ಅಮೆರಿಕಕ್ಕೆ ಬಂತು. ಬೋಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಚಳಿಗಾಲದ ಕೆರೆಗಳಿಂದ ಮಂಜನ್ನು ಗರಗಸದಿಂದ ಕೊಯ್ದು ಹಡಗಿಗೆ ತುಂಬಿ ಮಾರುವ ವ್ಯಾಪಾರ ಕಟ್ಟಿದ. 1833ರಲ್ಲಿ ಅವನ ‘ಟಸ್ಕನಿ’ ಹಡಗು 180 ಟನ್ ಮಂಜು ಹೊತ್ತು ಬೋಸ್ಟನ್ ಬಿಟ್ಟಿತು. ನಾಲ್ಕು ತಿಂಗಳ ಪ್ರಯಾಣ ಮುಗಿಸಿ ಕಲ್ಕತ್ತೆಗೆ ತಲುಪಿದಾಗ ಸುಮಾರು 100 ಟನ್ ಕರಗದೆ ಉಳಿದಿತ್ತು. ಮದರಾಸಿನ ಮರೀನಾ ದಂಡೆಯಲ್ಲಿ ಈ ಮಂಜನ್ನು ಇಡಲು ಕಟ್ಟಿದ ಐಸ್ ಹೌಸ್ ಇಂದಿಗೂ ನಿಂತಿದೆ. ಸ್ವಾಮಿ ವಿವೇಕಾನಂದರು 1897ರಲ್ಲಿ ಅಲ್ಲಿ ತಂಗಿದ್ದರಿಂದ ಈಗ ಅದು ಅವರ ಹೆಸರಿನ ಸ್ಮಾರಕ. ಹುಟ್ಟುಕತೆಗಳಲ್ಲಿ ಕೌಂಟ್‌ಗಳು, ಸುಂದರಿಯರು, ಕ್ಯಾಪ್ಟನ್‌ಗಳು ಬರುತ್ತಾರೆ. ಮಂಜು ಹೊತ್ತವರ ಸುದ್ದಿಯೇ ಇರುವುದಿಲ್ಲ. ಆದರೆ ಮಂಜಿಲ್ಲದೆ ಇವುಗಳಲ್ಲಿ ಒಂದೂ ಇಲ್ಲ.

ಹೀಗೆ ಬೆಳೆದ ಅಮೆರಿಕದ ಬಾರಿಗೆ ಮೊದಲ ಪಾಕಪುಸ್ತಕ ಕೊಟ್ಟವನು ಜೆರ್ರಿ ಥಾಮಸ್, 1862ರಲ್ಲಿ. ಅದುವರೆಗೆ ಬಾಯಿಂದ ಬಾಯಿಗೆ ಸಾಗುತ್ತಿದ್ದ ಕಸುಬು ಅಳತೆ ಸಮೇತ ಕಾಗದಕ್ಕೆ ಇಳಿದದ್ದು ಅವನಿಂದ. ಇದಕ್ಕಾಗಿ ಅವನಿಗೆ ಎಷ್ಟು ಕೃತಜ್ಞರಾಗಿದ್ದರೂ ಕಡಿಮೆ. ‘ಟಾಮ್ ಅಂಡ್ ಜೆರ್ರಿ’ ಎಂಬ ಮೊಟ್ಟೆ ಬೆರೆತ ಬಿಸಿ ಪಾನೀಯವನ್ನು ತಾನೇ ಕಂಡುಹಿಡಿದೆನೆಂದು ಅವನು ಹೇಳಿಕೊಳ್ಳುತ್ತಿದ್ದ. ಅವನು ಹುಟ್ಟಿದ್ದು 1830ರಲ್ಲಿ. ಆ ಪಾನೀಯದ ಹೆಸರು 1820ರ ದಶಕದಲ್ಲೇ ಪತ್ರಿಕೆಯಲ್ಲಿದೆ. ಕಸುಬಿನ ಗುರುವೇ ಹೀಗೆ ಹೇಳಿಕೊಂಡ ಮೇಲೆ ಹೋಟೆಲು, ಕ್ಲಬ್ಬುಗಳು ಹಿಂದೆ ಬೀಳುತ್ತವೆಯೇ? ‘ಓಲ್ಡ್ ಫ್ಯಾಷನ್ಡ್’ ತಮ್ಮಲ್ಲಿ ಹುಟ್ಟಿತೆಂದು ಲೂಯಿವಿಲ್ಲಿನ ಪೆಂಡೆನಿಸ್ ಕ್ಲಬ್ ಹೇಳುತ್ತದೆ. ಕ್ಲಬ್ ಶುರುವಾದದ್ದು 1881ರಲ್ಲಿ, ಶಿಕಾಗೋದ ಪತ್ರಿಕೆಯಲ್ಲಿ ಆ ಪಾನೀಯದ ಪ್ರಸ್ತಾಪ ಬಂದದ್ದು 1880ರಲ್ಲಿ. 1806ರ ಆ ನಾಲ್ಕೇ ಸಾಮಾನುಗಳ ಹಳೆಯ ಪದ್ಧತಿಯಲ್ಲಿ ಮಾಡಿಕೊಡು ಎಂದು ಗಿರಾಕಿಗಳು ಕೇಳುತ್ತಾ ಬಂದದ್ದರಿಂದ ನಿಂತ ಹೆಸರು ಅದು. ಅದಕ್ಕೆ ಒಬ್ಬ ತಂದೆ ಇರಲು ಸಾಧ್ಯವೇ ಇಲ್ಲ.

ಮಾರ್ಟಿನಿಯದು ಇನ್ನೂ ದೊಡ್ಡ ಗೊಂದಲ, ಆದರೆ ಬೇಗ ಬಿಡಿಸಬಹುದಾದದ್ದು. ಕ್ಯಾಲಿಫೋರ್ನಿಯಾದ ಮಾರ್ಟಿನೆಜ್ ಪಟ್ಟಣ ತನ್ನದೆನ್ನುತ್ತದೆ. ನ್ಯೂಯಾರ್ಕಿನ ನಿಕರ್‌ಬಾಕರ್ ಹೋಟೆಲಿನಲ್ಲಿ 1911ರ ಸುಮಾರಿಗೆ ಮಾರ್ಟಿನಿ ಎಂಬ ಇಟಲಿಯ ಬಾರ್‌ಟೆಂಡರ್ ಮಾಡಿದ ಎನ್ನುತ್ತಾರೆ ಇನ್ನು ಕೆಲವರು. 1884ರ ಪುಸ್ತಕವೊಂದರಲ್ಲಿ ‘ಮಾರ್ಟಿನೆಜ್’ ಇದೆ, 1888ರ ಹ್ಯಾರಿ ಜಾನ್ಸನ್ ಪುಸ್ತಕದಲ್ಲಿ ‘ಮಾರ್ಟಿನಿ’ ಇದೆ. ನಿಕರ್‌ಬಾಕರ್ ಕತೆ ಅಲ್ಲಿಗೆ ಮುಗಿಯಿತು. ಇಟಲಿಯ ವರ್ಮೂತ್ ಅಮೆರಿಕದ ಬಾರುಗಳಿಗೆ ಹೇರಳವಾಗಿ ಬಂದ ಕಾಲ ಅದು. ಹೊಸ ಸಾಮಾನು ಕೈಗೆ ಬಂದಾಗ ಹತ್ತು ಊರುಗಳಲ್ಲಿ ಹತ್ತು ಜನ ಅದನ್ನು ವಿಸ್ಕಿಗೂ ಜಿನ್‌ಗೂ ಬೆರೆಸಿ ನೋಡುತ್ತಾರೆ. ಮ್ಯಾನ್‌ಹಟನ್, ಮಾರ್ಟಿನಿ ಎರಡೂ ಆ ಒಂದೇ ಬಸಿರಿನ ಮಕ್ಕಳು.

ಕ್ಯೂಬಾದ ಡೈಕಿರಿ ಈ ವಿಚಾರವನ್ನು ಇನ್ನಷ್ಟು ಸ್ಪಷ್ಟಮಾಡುತ್ತದೆ. ಸ್ಯಾಂಟಿಯಾಗೋ ಬಳಿಯ ಡೈಕಿರಿ ಎಂಬಲ್ಲಿ ಕಬ್ಬಿಣದ ಗಣಿ ಇತ್ತು. 1898ರ ಜೂನ್‌ನಲ್ಲಿ ಸ್ಪೇನಿನ ವಿರುದ್ಧದ ಯುದ್ಧಕ್ಕೆ ಅಮೆರಿಕದ ಪಡೆಗಳು ಇಳಿದದ್ದೂ ಅದೇ ದಂಡೆಗೆ. ಗಣಿಯ ಅಮೆರಿಕನ್ ಎಂಜಿನಿಯರ್ ಜೆನಿಂಗ್ಸ್ ಕಾಕ್ಸ್ ಅತಿಥಿಗಳು ಬಂದಾಗ ಜಿನ್ ಮುಗಿದು, ಸ್ಥಳೀಯ ರಮ್‌ಗೆ ನಿಂಬೆರಸ, ಸಕ್ಕರೆ, ಮಂಜು ಹಾಕಿ ಕೊಟ್ಟನಂತೆ. ಆರು ಜನಕ್ಕೆ ಬೇಕಾದ ಅಳತೆಯನ್ನು ಬರೆದ ಅವನ ಕೈಬರಹದ ಚೀಟಿ ಉಳಿದಿದೆ. ನೌಕಾಪಡೆಯ ವೈದ್ಯ ಲೂಷಿಯಸ್ ಜಾನ್ಸನ್ ಅದನ್ನು 1909ರಲ್ಲಿ ವಾಷಿಂಗ್ಟನ್ನಿನ ಆರ್ಮಿ ಅಂಡ್ ನೇವಿ ಕ್ಲಬ್ಬಿಗೆ ಒಯ್ದ. ಇಷ್ಟೂ ನಂಬಬಹುದಾದದ್ದೇ. ಆದರೆ ರಮ್, ನಿಂಬೆ, ಸಕ್ಕರೆ ಕೆರಿಬಿಯನ್ನಿನಲ್ಲಿ ಅದಕ್ಕಿಂತ ಬಹಳ ಹಿಂದಿನವು. ಬ್ರಿಟಿಷ್ ಅಡ್ಮಿರಲ್ ವರ್ನನ್ 1740ರಲ್ಲೇ ನಾವಿಕರ ರಮ್ಮಿಗೆ ನೀರು ಬೆರೆಸಲು ಆಜ್ಞೆ ಹೊರಡಿಸಿ, ಬೇಕಾದವರು ನಿಂಬೆ, ಸಕ್ಕರೆ ಕೊಂಡು ಹಾಕಿಕೊಳ್ಳಲಿ ಎಂದಿದ್ದ. ಕಬ್ಬಿನ ಗದ್ದೆಗಳಲ್ಲಿ ಗುಲಾಮರು ಕಡಿದ ಕಬ್ಬಿನಿಂದ ಬಂದ ಸಕ್ಕರೆ ಅದು, ಅದರ ಕಾಕಂಬಿಯಿಂದ ಬಂದ ರಮ್ ಅದು. ಕಾಕ್ಸ್ ಹೆಸರು ಕೊಟ್ಟ, ಅಳತೆ ಬರೆದಿಟ್ಟ. ಮಿಶ್ರಣವನ್ನು ಅವನು ಹುಟ್ಟಿಸಿದ ಎನ್ನುವುದನ್ನು ಮಾತ್ರ ನಾನು ಒಪ್ಪಲಾರೆ.

ಈಗ ನಮ್ಮ ಊರಿಗೆ ತೀರಾ ಹತ್ತಿರ ಬರುವ ಕತೆ: ಜಿನ್ ಮತ್ತು ಟಾನಿಕ್. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟ ಇಂಗ್ಲಿಷ್ ಸೈನಿಕರು ಮಲೇರಿಯಾಕ್ಕೆ ತುತ್ತಾದರು, ಅವರಿಗೆ ಕ್ವಿನೈನಿನ ಟಾನಿಕ್ ನೀರು ಕುಡಿಸಬೇಕಾಯಿತು, ಕಹಿ ಮರೆಸಲು ಜಿನ್ ಬೆರೆಸಿದರು, ಹೀಗೆ ಜಿನ್–ಟಾನಿಕ್ ಹುಟ್ಟಿತು ಎಂದು ಇಂಗ್ಲಿಷ್ ಪತ್ರಿಕೆಗಳ ಅಂಕಣಗಳಲ್ಲಿ ಆಗಾಗ ಕಾಣುತ್ತದೆ. ಅರ್ಧ ನಿಜ ಇರುವುದರಿಂದಲೇ ಇದು ಇಷ್ಟು ದಿನ ಬಾಳಿದೆ. ಶ್ರೀರಂಗಪಟ್ಟಣದ ಜ್ವರಕ್ಕೆ ಸೈನ್ಯ ಹಣ್ಣಾದದ್ದು ನಿಜ. 1809ರಲ್ಲಿ ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ್ದಕ್ಕೆ ಅದೊಂದು ಕಾರಣ ಎನ್ನುವುದೂ ನಿಜ. ಉಳಿದದ್ದು ತಾರೀಖುಗಳ ಮುಂದೆ ಕುಸಿಯುತ್ತದೆ. ಸಿಂಕೋನಾ ಮರದ ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದ್ದು 1820ರಲ್ಲಿ, ಪ್ಯಾರಿಸ್ಸಿನ ಪೆಲೆಟಿಯೆ ಮತ್ತು ಕವೆಂಟು ಎಂಬ ಇಬ್ಬರು. ಟಾನಿಕ್ ನೀರಿಗೆ ಎರಾಸ್ಮಸ್ ಬಾಂಡ್ ಪೇಟೆಂಟ್ ಪಡೆದದ್ದು 1858ರಲ್ಲಿ, ಲಂಡನ್ನಿನಲ್ಲಿ. ಷ್ವೆಪ್ಸ್ ಕಂಪನಿ ತನ್ನ ‘ಇಂಡಿಯನ್’ ಕ್ವಿನೈನ್ ಟಾನಿಕ್ ಮಾರಲು ಶುರುಮಾಡಿದ್ದು 1870ರಲ್ಲಿ. ಶ್ರೀರಂಗಪಟ್ಟಣದ ಸಿಪಾಯಿಗೆ ಟಾನಿಕ್ ನೀರು ಸಿಗಬೇಕಾದರೆ ಅವನು ಇನ್ನೂ ಸುಮಾರು ಅರವತ್ತು ವರ್ಷ ಬದುಕಬೇಕಿತ್ತು.

ಕಿಮ್ ವಾಕರ್ ಮತ್ತು ಮಾರ್ಕ್ ನೆಸ್‌ಬಿಟ್ ಎಂಬ ಇಬ್ಬರು ಸಸ್ಯಚರಿತ್ರೆಯ ವಿದ್ವಾಂಸರು ಲಂಡನ್ನಿನ ಕ್ಯೂ ಉದ್ಯಾನದ ಸಂಗ್ರಹಗಳನ್ನು ಜಾಲಾಡಿ 2019ರಲ್ಲಿ ‘ಜಸ್ಟ್ ದ ಟಾನಿಕ್’ ಎಂಬ ಪುಸ್ತಕ ತಂದರು. ಅವರು ಎತ್ತಿ ತೋರಿಸುವ ಹಳೆಯ ಉಲ್ಲೇಖ 1868ರ ‘ಓರಿಯೆಂಟಲ್ ಸ್ಪೋರ್ಟಿಂಗ್ ಮ್ಯಾಗಜೀನ್’ನದು. ಅದರಲ್ಲಿ ಜಿನ್–ಟಾನಿಕ್ ಬರುವುದು ಆಸ್ಪತ್ರೆಯ ವರದಿಯಲ್ಲಲ್ಲ, ಇಂದಿನ ಪಾಕಿಸ್ತಾನದ ಸಿಯಾಲ್‌ಕೋಟ್‌ನಲ್ಲಿ ನಡೆದ ಕುದುರೆ ಪಂದ್ಯದ ವರದಿಯಲ್ಲಿ. ಬಿಸಿಲಿಗೆ ಬಾಯಾರಿದ ಜನ ತಂಪಿಗೆಂದು ಕೇಳಿ ಕುಡಿದದ್ದು ಅದು.

ಲೆಕ್ಕ ಹಾಕಿ ನೋಡಿದರೂ ಔಷಧದ ಕತೆ ನಿಲ್ಲುವುದಿಲ್ಲ. ಇಂದಿನ ಟಾನಿಕ್ ನೀರಿನಲ್ಲಿ ಲೀಟರಿಗೆ ಹೆಚ್ಚೆಂದರೆ 83 ಮಿಲಿಗ್ರಾಂ ಕ್ವಿನೈನ್ ಇರಬಹುದೆಂದು ಅಮೆರಿಕದ ಆಹಾರ ನಿಯಮ ಹೇಳುತ್ತದೆ. ಮಲೇರಿಯಾ ರೋಗಿಗೆ ದಿನಕ್ಕೆ ಬೇಕಾದ ಕ್ವಿನೈನ್ ಸುಮಾರು 2 ಗ್ರಾಂ. ಅಂದರೆ ದಿನಕ್ಕೆ 20 ಲೀಟರಿಗೂ ಹೆಚ್ಚು ಟಾನಿಕ್ ಕುಡಿಯಬೇಕು. ಸೈನಿಕರಿಗೆ ಕ್ವಿನೈನ್ ಕೊಟ್ಟಿದ್ದರು, ಮದ್ಯದಲ್ಲಿ ಕಲಸಿಯೂ ಕೊಟ್ಟಿದ್ದರು. ಅದು ಔಷಧದ ಕೆಲಸ. ಜಿನ್–ಟಾನಿಕ್ ಕ್ಲಬ್ಬಿನ ಸುಖ. ಎರಡನ್ನೂ ಒಂದು ಮಾಡಿದ ಕತೆಗೆ ಒಂದು ಪ್ರಯೋಜನವಿತ್ತು: ಆಳುವವರ ಸಂಜೆಯ ಪೆಗ್ಗು ಕರ್ತವ್ಯದ ಪಾಲಾಗಿ ಕಂಡಿತು.

ಈ ಲೋಟದ ಹಿಂದಿನ ನಿಜವಾದ ಕತೆ ನೀಲಗಿರಿಯಲ್ಲಿದೆ, ಅದನ್ನು ಹೇಳುವವರು ಕಡಿಮೆ. 1860ರಲ್ಲಿ ಕ್ಲೆಮೆಂಟ್ಸ್ ಮಾರ್ಕಂ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಿಂದ ಸಿಂಕೋನಾದ ಗಿಡ, ಬೀಜಗಳನ್ನು ಅಲ್ಲಿನವರ ವಿರೋಧದ ನಡುವೆಯೇ ಸಾಗಿಸಿ ತಂದ. ಊಟಿಯ ಸಸ್ಯೋದ್ಯಾನದ ಮೇಲ್ವಿಚಾರಕ ವಿಲಿಯಂ ಮೆಕೈವರ್ ಅವನ್ನು ಬೆಳೆಸಿದ. ಗುಡಲೂರಿನಿಂದ ಘಾಟಿ ಹತ್ತಿ ಊಟಿಗೆ ಹೋಗುವ ದಾರಿಯ ನಡುವಟ್ಟಂನಲ್ಲಿ ತೋಟಗಳು ಎದ್ದವು, ಕ್ವಿನೈನ್ ತೆಗೆಯುವ ಕಾರ್ಖಾನೆ ಬಂತು. ಆ ತೋಟಗಳಲ್ಲಿ ದುಡಿಸಿದವರಲ್ಲಿ ಮಲಾಕಾ ಜಲಸಂಧಿಯ ಕಡೆಯಿಂದ ಮದರಾಸು ಪ್ರಾಂತದ ಜೈಲುಗಳಿಗೆ ತಂದ ಚೀನೀ ಕೈದಿಗಳೂ ಇದ್ದರು. ಅವರಲ್ಲಿ ಕೆಲವರು ಬಿಡುಗಡೆಯಾದ ಮೇಲೆ ತಮಿಳು ಹೆಂಗಸರನ್ನು ಮದುವೆಯಾಗಿ ಅಲ್ಲೇ ನೆಲೆ ನಿಂತರು. ಮೈಸೂರಿನಿಂದ ಊಟಿಗೆ ಹೋಗುವ ನಮ್ಮ ಜನ ಗುಡಲೂರಿನ ಈ ದಾರಿ ಹಿಡಿದಾಗೆಲ್ಲ ನಡುವಟ್ಟಂ ದಾಟುತ್ತಾರೆ. ಶ್ರೀರಂಗಪಟ್ಟಣದ ಕಟ್ಟುಕತೆಗಿಂತ ಈ ಚರಿತ್ರೆ ನಮ್ಮ ಶಾಲೆಯ ಮಕ್ಕಳಿಗೆ ಗೊತ್ತಿರಬೇಕು.

ಹೀಗೆ ಮರೆಗೆ ಸರಿದವರಲ್ಲಿ ಕೆಲವರ ಹೆಸರುಗಳಾದರೂ ಈಗ ಮೇಲೆ ಬರುತ್ತಿವೆ. ಗುಲಾಮನಾಗಿ ಹುಟ್ಟಿದ ಜಾನ್ ಡ್ಯಾಬ್ನಿ ವರ್ಜೀನಿಯಾದ ರಿಚ್‌ಮಂಡ್‌ನಲ್ಲಿ ಪುದೀನ ಮತ್ತು ಪುಡಿಮಂಜಿನ ಮಿಂಟ್ ಜೂಲೆಪ್‌ಗೆ ಹೆಸರಾಗಿದ್ದ. 1860ರಲ್ಲಿ ಆ ಊರಿಗೆ ಬಂದ ಬ್ರಿಟಿಷ್ ಯುವರಾಜನೂ ಅವನ ಕೈಯ ಜೂಲೆಪ್ ಕುಡಿದ. ಯಜಮಾನನಿಗೆ ಸಂದಾಯ ಮಾಡಿ ಉಳಿಸಿಕೊಂಡ ಹಣದಲ್ಲಿ ಡ್ಯಾಬ್ನಿ ಮೊದಲು ಹೆಂಡತಿಯ ಬಿಡುಗಡೆಯನ್ನು ಕೊಂಡ. ತನ್ನ ಬಿಡುಗಡೆಯ ಸಾಲ ಇನ್ನೂ ಬಾಕಿಯಿದ್ದಾಗ ಗುಲಾಮಗಿರಿಯೇ ರದ್ದಾಯಿತು. ಆದರೂ ಕೊಟ್ಟ ಮಾತಿಗೆ ಉಳಿದ ಹಣವನ್ನೂ ತೀರಿಸಿದ. ಮಿಂಟ್ ಜೂಲೆಪ್ ಎಂದರೆ ಅಮೆರಿಕದ ದಕ್ಷಿಣ ರಾಜ್ಯಗಳ ಬಿಳಿಯ ಜಮೀನ್ದಾರರ ವೈಭವ ಎಂದು ಚಿತ್ರಿಸಿದ ನೂರಾರು ಜಾಹೀರಾತುಗಳಲ್ಲಿ ಈ ಮನುಷ್ಯನ ಮುಖ ಇರಲಿಲ್ಲ.

ಸೇಂಟ್ ಲೂಯಿಯ ಟಾಮ್ ಬುಲಕ್ 1917ರಲ್ಲಿ ‘ದಿ ಐಡಿಯಲ್ ಬಾರ್‌ಟೆಂಡರ್’ ಎಂಬ ಪುಸ್ತಕ ಬರೆದ. ಕಪ್ಪು ಅಮೆರಿಕನ್ ಒಬ್ಬ ಬರೆದ ಮೊದಲ ಕಾಕ್‌ಟೇಲ್ ಪುಸ್ತಕ ಅದು. ಅದಕ್ಕೆ ನಾಲ್ಕು ವರ್ಷ ಮೊದಲು ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ತಾನು ಕುಡುಕನಲ್ಲವೆಂದು ಸಾಧಿಸಲು ನ್ಯಾಯಾಲಯ ಹತ್ತಿ, ಸೇಂಟ್ ಲೂಯಿಯಲ್ಲಿ ಒಂದು ಜೂಲೆಪ್‌ನಿಂದ ಒಂದೆರಡು ಗುಟುಕು ಮಾತ್ರ ಕುಡಿದೆ ಎಂದಿದ್ದ. ಟಾಮ್ ಮಾಡಿದ ಜೂಲೆಪ್‌ನಲ್ಲಿ ಒಂದೆರಡು ಗುಟುಕಿಗೇ ನಿಲ್ಲಿಸಿದ ಮನುಷ್ಯನುಂಟೇ ಎಂದು ಅಲ್ಲಿನ ಪತ್ರಿಕೆ ಸಂಪಾದಕೀಯ ಬರೆಯಿತು. ಬಾರ್‌ಟೆಂಡರ್ ಒಬ್ಬನಿಗೆ ಅದಕ್ಕಿಂತ ದೊಡ್ಡ ಬಿರುದು ಬೇಕೆ?

ಲಂಡನ್ನಿನ ಸವಾಯ್ ಹೋಟೆಲಿನ ಬಾರನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷ ನಡೆಸಿದವಳು ಏಡಾ ಕೋಲ್‌ಮನ್ ಎಂಬ ಹೆಣ್ಣುಮಗಳು. ನಟ ಚಾರ್ಲ್ಸ್ ಹಾಟ್ರಿ ದಣಿದು ಬಂದಾಗ ಜಿನ್, ಸಿಹಿ ವರ್ಮೂತ್, ಫೆರ್ನೆಟ್ ಬೆರೆಸಿ ಕೊಟ್ಟ ‘ಹ್ಯಾಂಕಿ ಪ್ಯಾಂಕಿ’ ಅವಳದು. ಇದನ್ನು ಅವಳೇ 1925ರಲ್ಲಿ ಪತ್ರಿಕೆಗೆ ಹೇಳಿದ್ದಾಳೆ. ಮಾಡಿದವರ ಬಾಯಿಂದಲೇ ಬಂದ ಹುಟ್ಟುಕತೆ ಅಪರೂಪ, ಇದು ಅಂಥದ್ದು. ಆದರೆ ಸವಾಯ್ ಎಂದರೆ ಇಂದು ಜಗತ್ತು ನೆನೆಯುವುದು ಅವಳ ನಂತರ ಬಂದು, 1930ರಲ್ಲಿ ‘ಸವಾಯ್ ಕಾಕ್‌ಟೇಲ್ ಬುಕ್’ ತಂದ ಹ್ಯಾರಿ ಕ್ರಾಡಕ್‌ನನ್ನು. ಸಿಂಗಾಪುರದ ರಾಫಲ್ಸ್ ಹೋಟೆಲು ಮಾತ್ರ ತನ್ನ ಬಾರ್‌ಟೆಂಡರ್ ನ್ಯಾಮ್ ಟಾಂಗ್ ಬೂನ್ ಹೆಸರನ್ನು ಬಿಟ್ಟಿಲ್ಲ, 1915ರಲ್ಲಿ ಆತ ‘ಸಿಂಗಾಪುರ್ ಸ್ಲಿಂಗ್’ ಮಾಡಿದ ಎನ್ನುತ್ತದೆ. 1903ರಲ್ಲೇ ಅಲ್ಲಿನ ‘ಸ್ಟ್ರೈಟ್ಸ್ ಟೈಮ್ಸ್’ ಪತ್ರಿಕೆಯಲ್ಲಿ ಗುಲಾಬಿ ಬಣ್ಣದ ಸ್ಲಿಂಗ್‌ಗಳ ಪ್ರಸ್ತಾಪವಿದೆಯಾದ್ದರಿಂದ, ಊರಲ್ಲಿ ಆಗಲೇ ಇದ್ದುದಕ್ಕೆ ಆತ ತನ್ನ ಕೈಗುಣ ಸೇರಿಸಿದ ಎನ್ನುವುದು ಸರಿಯಾದೀತು.

ಇಪ್ಪತ್ತನೆಯ ಶತಮಾನಕ್ಕೆ ಬಂದಾಗ ಕತೆ ಕಟ್ಟುವ ಕೆಲಸ ಕಂಪನಿಗಳ ಕೈಗೆ ಹೋಗುತ್ತದೆ. ರಮ್–ಕೋಲಾದ ‘ಕ್ಯೂಬಾ ಲಿಬ್ರೆ’ ನೋಡಿ. 1900ರಲ್ಲಿ ಹವಾನಾದ ಬಾರಿನಲ್ಲಿ ಅಮೆರಿಕನ್ ಅಧಿಕಾರಿಯೊಬ್ಬ ಇದನ್ನು ಮಾಡಿಸಿ ಕುಡಿದದ್ದನ್ನು ತಾನು ಹುಡುಗನಾಗಿದ್ದಾಗ ಕಣ್ಣಾರೆ ಕಂಡೆ ಎಂದು ಫಾಸ್ಟೊ ರೋಡ್ರಿಗೆಸ್ ಎಂಬಾತ 1965ರಲ್ಲಿ ಪ್ರಮಾಣಪತ್ರ ಬರೆದುಕೊಟ್ಟ. ಅದು ಮರುವರ್ಷ ‘ಲೈಫ್’ ಪತ್ರಿಕೆಯಲ್ಲಿ ಬಕಾರ್ಡಿ ರಮ್ಮಿನ ಜಾಹೀರಾತಾಗಿ ಅಚ್ಚಾಯಿತು. ರೋಡ್ರಿಗೆಸ್ ಬಕಾರ್ಡಿಯ ಪ್ರಚಾರ ವಿಭಾಗದವನು. ‘ಮಾಸ್ಕೊ ಮ್ಯೂಲ್’ ಇನ್ನೂ ನೇರ: 1939ರಲ್ಲಿ ಸ್ಮಿರ್ನಾಫ್ ವೋಡ್ಕಾದ ಹಕ್ಕು ಕೊಂಡ ಹ್ಯೂಬ್ಲೈನ್ ಕಂಪನಿಯ ಜಾನ್ ಮಾರ್ಟಿನ್‌ಗೆ ಅಮೆರಿಕದಲ್ಲಿ ವೋಡ್ಕಾ ಕೇಳುವವರಿರಲಿಲ್ಲ. ಲಾಸ್ ಏಂಜಲೀಸಿನ ‘ಕಾಕ್ ಎನ್ ಬುಲ್’ ಹೋಟೆಲಿನ ಜಾಕ್ ಮಾರ್ಗನ್ ಬಳಿ ಮಾರಾಟವಾಗದ ಶುಂಠಿ ಬಿಯರ್ ಇತ್ತು. ಇಬ್ಬರ ಉಳಿಕೆ ಸರಕೂ 1941ರಲ್ಲಿ ತಾಮ್ರದ ಲೋಟದಲ್ಲಿ ಸೇರಿತು. ಬಾರಿನಲ್ಲಿ ನಿಂತು ಬೆರೆಸಿದವನು ತಾನು ಎಂದು ಅಲ್ಲಿನ ಬಾರ್‌ಟೆಂಡರ್ ವೆಸ್ ಪ್ರೈಸ್ ಹೇಳಿಕೊಂಡಿದ್ದ; ಕಂಪನಿಯ ಕತೆಯಲ್ಲಿ ಅವನಿಗೆ ಜಾಗವಿರಲಿಲ್ಲ.

ಮಾರ್ಗರೀಟಾಗೆ ಹಕ್ಕುದಾರರ ಸಾಲೇ ಇದೆ. ಬೇರಾವ ಮದ್ಯವೂ ಒಗ್ಗದ ನಟಿ ಮಾರ್ಜೊರಿ ಕಿಂಗ್‌ಗಾಗಿ 1938ರಲ್ಲಿ ಟಿಹುವಾನಾ ಬಳಿ ಡ್ಯಾನಿ ಹೆರೇರಾ ಮಾಡಿದ ಎಂದು ಒಂದು ಕತೆ. 1948ರಲ್ಲಿ ಅಕಪುಲ್ಕೊದ ತನ್ನ ಬಂಗಲೆಯ ಪಾರ್ಟಿಗೆ ತಾನೇ ಮಾಡಿದೆ ಎಂದು ಡಲ್ಲಾಸಿನ ಶ್ರೀಮಂತೆ ಮಾರ್ಗರಿಟಾ ಸೇಮ್ಸ್. ಆದರೆ 1937ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ‘ಕೆಫೆ ರಾಯಲ್ ಕಾಕ್‌ಟೇಲ್ ಬುಕ್’ನಲ್ಲಿ ಟೆಕಿಲಾ, ಕಿತ್ತಳೆಯ ಲಿಕರ್ ಮತ್ತು ನಿಂಬೆರಸದ ‘ಪಿಕಡೋರ್’ ಇದೆ. ಉಪ್ಪಿನ ಅಂಚೊಂದನ್ನು ಬಿಟ್ಟರೆ ಅದು ಮಾರ್ಗರೀಟಾವೇ. ಮದ್ಯ, ಹುಳಿ ಮತ್ತು ಸಿಹಿ ಲಿಕರ್‌ನ ‘ಡೈಸಿ’ ಎಂಬ ಹಳೆಯ ಜಾತಿಯೊಂದು ಅಮೆರಿಕದಲ್ಲಿತ್ತು. ಆ ಹೂವಿಗೆ ಸ್ಪ್ಯಾನಿಷಿನಲ್ಲಿ ಮಾರ್ಗರೀಟಾ ಎನ್ನುತ್ತಾರೆ. ಪಾನನಿಷೇಧದ ಕಾಲದಲ್ಲಿ, ಅಂದರೆ 1920ರಿಂದ 1933ರವರೆಗೆ, ಬಾಯಾರಿದ ಅಮೆರಿಕನ್ನರು ಗಡಿ ದಾಟಿ ಮೆಕ್ಸಿಕೊಗೆ ಹೋಗುತ್ತಿದ್ದರು. ತಮಗೆ ಗೊತ್ತಿದ್ದ ಡೈಸಿಯನ್ನು ಅಲ್ಲಿನ ಟೆಕಿಲಾದಲ್ಲಿ ಮಾಡಿಸಿಕೊಂಡಿರಬೇಕು ಎನ್ನುವುದು ನನಗೆ ಎಲ್ಲಕ್ಕಿಂತ ಸರಿಯಾಗಿ ಕಾಣುವ ಉತ್ತರ. ಇದೇ ಪಾನೀಯದ ಇತ್ತೀಚಿನ ಒಂದು ಅಧ್ಯಾಯಕ್ಕೆ ಮಾತ್ರ ಚಕಾರವಿಲ್ಲದ ಸಾಕ್ಷಿಯಿದೆ: ಡಲ್ಲಾಸಿನ ಮಾರಿಯಾನೊ ಮಾರ್ಟಿನೆಜ್ 1971ರಲ್ಲಿ ಐಸ್‌ಕ್ರೀಂ ಯಂತ್ರವನ್ನು ಮಾರ್ಪಡಿಸಿ ಹೆಪ್ಪುಗಟ್ಟಿದ ಮಾರ್ಗರೀಟಾ ತೆಗೆದ. ಆ ಯಂತ್ರ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ.

ಎಲ್ಲ ಕತೆಗಳನ್ನೂ ಸಾರಾಸಗಟಾಗಿ ತಳ್ಳಿಹಾಕಬೇಕಿಲ್ಲ. 1919ರಲ್ಲಿ ಫ್ಲಾರೆನ್ಸಿನ ಕಸೋನಿ ಕೆಫೆಯಲ್ಲಿ ಕೌಂಟ್ ಕಮಿಲ್ಲೊ ನೆಗ್ರೋನಿ ತನ್ನ ‘ಅಮೆರಿಕಾನೊ’ ಕಾಕ್‌ಟೇಲ್‌ಗೆ ಸೋಡಾ ಬದಲು ಜಿನ್ ಹಾಕೆಂದ, ಬಾರ್‌ಟೆಂಡರ್ ಫಾಸ್ಕೊ ಸ್ಕಾರ್ಸೆಲ್ಲಿ ಹಾಕಿಕೊಟ್ಟ ಎನ್ನುವ ನೆಗ್ರೋನಿಯ ಕತೆ ಇಷ್ಟೆಲ್ಲ ಪರೀಕ್ಷೆಯ ನಂತರವೂ ಬಹುಮಟ್ಟಿಗೆ ನಿಂತಿದೆ. ಕೌಂಟ್ ಇದ್ದದ್ದು ದಾಖಲೆಗಳಲ್ಲಿ ಸಾಬೀತಾಗಿದೆ. ಕತೆಯಲ್ಲಿ ಗಿರಾಕಿಯ ಜೊತೆಗೆ ಬಾರಿನವನ ಹೆಸರೂ ಉಳಿದಿರುವುದು ನನಗೆ ಇನ್ನೂ ಸಂತೋಷದ ವಿಷಯ.

ಇವೆಲ್ಲದರಲ್ಲಿ ನನಗೆ ಬಹಳ ಮೆಚ್ಚಿಗೆಯಾದದ್ದು ಬ್ಲಡಿ ಮೇರಿಯ ಸಾಕ್ಷ್ಯ. ಪ್ಯಾರಿಸ್ಸಿನ ಹ್ಯಾರೀಸ್ ಬಾರಿನಲ್ಲಿ ಕೆಲಸ ಮಾಡಿ, ಮುಂದೆ ನ್ಯೂಯಾರ್ಕಿನ ಸೇಂಟ್ ರೀಜಿಸ್ ಹೋಟೆಲಿಗೆ ಬಂದ ಫೆರ್ನಾಂಡ್ ಪೆಟಿಯೊ ಅದರ ಜನಕನೆಂದು ಎಲ್ಲರೂ ಹೇಳುತ್ತಿದ್ದರು. 1964ರಲ್ಲಿ ‘ದಿ ನ್ಯೂಯಾರ್ಕರ್’ ಪತ್ರಿಕೆ ಕೇಳಿದಾಗ ಪೆಟಿಯೊ ಹೇಳಿದ್ದು ಇಷ್ಟು: ವೋಡ್ಕಾ ಮತ್ತು ಟೊಮ್ಯಾಟೊ ರಸವನ್ನು ಸೇರಿಸುವುದು ನಟ ಜಾರ್ಜ್ ಜೆಸ್ಸೆಲ್‌ನ ಕೆಲಸ, ಉಪ್ಪು, ಮೆಣಸು, ಖಾರದ ಪುಡಿ, ನಿಂಬೆ, ವೂಸ್ಟರ್ ಸಾಸ್ ಹಾಕಿ ಅದಕ್ಕೆ ಇಂದಿನ ರೂಪ ಕೊಟ್ಟದ್ದು ತಾನು. ಪೂರ್ತಿ ಕೀರ್ತಿ ಬಾಗಿಲಿಗೆ ಬಂದಾಗ ಅರ್ಧ ಹಿಂದಿರುಗಿಸಿದ ಇಂಥ ಇನ್ನೊಬ್ಬರನ್ನು ನಾನು ಈ ಚರಿತ್ರೆಯಲ್ಲಿ ಕಂಡಿಲ್ಲ. ಅಂದಹಾಗೆ, ಆ ವೂಸ್ಟರ್ ಸಾಸ್‌ನ ಪಾಕವನ್ನು ಬಂಗಾಳದ ಗವರ್ನರ್ ಆಗಿದ್ದ ಲಾರ್ಡ್ ಸ್ಯಾಂಡಿಸ್ ಭಾರತದಿಂದ ತಂದ ಎನ್ನುವುದೂ ಜನಪ್ರಿಯ ಕತೆ. ಆ ಹೆಸರಿನ ಗವರ್ನರ್ ಬಂಗಾಳಕ್ಕೆ ಬಂದೇ ಇಲ್ಲ.

ಬೆಂಗಳೂರಿನ, ಮಂಗಳೂರಿನ ಬಾರುಗಳಲ್ಲಿ ಇಂದು ಪುನರ್ಪುಳಿ, ಕೊಡಗಿನ ಕಾಫಿ, ಗಾಂಧಾರಿ ಮೆಣಸು ಹಾಕಿ ಹೊಸ ಮಿಶ್ರಣಗಳನ್ನು ಮಾಡುತ್ತಿರುವ ತರುಣ ತರುಣಿಯರಿದ್ದಾರೆ. ಅವುಗಳಲ್ಲಿ ಒಂದೆರಡು ಬಾಳಬಹುದು, ನೂರು ವರ್ಷದ ಮೇಲೆ ಅವುಗಳ ಹುಟ್ಟಿನ ಬಗ್ಗೆ ಯಾರೋ ಕೇಳಬಹುದು. ಅವರಿಗೂ, ಅವರಿಗೆ ಕೆಲಸ ಕೊಟ್ಟ ಮಾಲೀಕರಿಗೂ ನನ್ನದೊಂದು ವಿನಂತಿ: ಹೊಸ ಪಾನೀಯ ಮಾಡಿದ ದಿನವೇ ತಾರೀಖು, ಅಳತೆ, ಯಾರಿಂದ ಏನು ಕಲಿತಿರಿ ಎನ್ನುವುದು, ಮಾಡಿದವರ ಪೂರ್ಣ ಹೆಸರು, ಇಷ್ಟನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ನಮ್ಮ ಹಳೆಯ ಕ್ಲಬ್ಬುಗಳ ಉಗ್ರಾಣಗಳಲ್ಲಿ ಬಾರಿನ ಹಳೆಯ ಲೆಕ್ಕಪುಸ್ತಕಗಳಿದ್ದರೆ ಅವನ್ನು ರದ್ದಿಗೆ ಹಾಕಬೇಡಿ, ಓದಲು ಬಲ್ಲವರ ಕೈಗೆ ಕೊಡಿ.